ಕಾಗೆಯನ್ನು ಬಿಟ್ಟ ಮದುವೆ

ಅವೆನ್ಯೂ ರಸ್ತೆಯಲ್ಲಿ, ಹಳೇ ಪುಸ್ತಕದ ರಾಶಿಗೂ ಸ್ಟೀಲ್ ಪಾತ್ರೆಗೂ ನಡುವೆ
ಒಂದು ಕುರ್ಚಿ, ಒಂದು ಹೊಲಿಗೆ ಯಂತ್ರದಷ್ಟು ಅಗಲ ನನ್ನ ಅಂಗಡಿ.
ಜಿಪ್ ದೊರೆಸ್ವಾಮಿ ಅನ್ನುತ್ತಾರೆ. ಬೇರೇನೂ ಹೊಲಿಯುವುದಿಲ್ಲ.

ರಸೀತಿ ನೂರಾ ಹದಿನೇಳು: ನೀಲಿ ಸ್ಕೂಲ್ ಬ್ಯಾಗು,
ದೊಡ್ಡ ಖಾನೆಯ ಜಿಪ್ಪಿಗೆ ನಾಲ್ಕು ಹಲ್ಲಿಲ್ಲ.
ಬುಧವಾರ ಬರ್ತೀವಿ ಎಂದರು.
ಬುಧವಾರಗಳು ಬಂದವು, ಅವರು ಬರಲಿಲ್ಲ.
ಒಳಜೇಬಿನಲ್ಲಿ ಅಂಗೈಯಷ್ಟು ಆಟದ ಪೆಟ್ಟಿಗೆ,
ಗುಂಡಿಗಳ ಸಂದಿಯಲ್ಲಿ ಪೆನ್ಸಿಲ್ ಪುಡಿ.

ಗಿರಾಕಿಯ ವಸ್ತು ಮುಟ್ಟಬಾರದು, ಗೊತ್ತು.
ಸುಮ್ಮನೆ, ಜೀವ ಇದೆಯೋ ಇಲ್ಲವೋ ಎಂದು ಚಾರ್ಜಿಗೆ ಹಾಕಿದೆ.

ಹಿಡಿ ಬೆಳಕು ಬಂತು. ಆಮೇಲೆ ಅವಳು.

ಆಟಗಾರ್ತಿ: ಇಫ್ರಾ. ನರಿ: ಜಿಲೇಬಿ.
ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿ
ಒಬ್ಬನೇ ನಕ್ಕುಬಿಟ್ಟೆ.
ಬಾಣಲೆಯಿಂದ ಈಗ ತೆಗೆದ ಬಣ್ಣ, ಎಂಟು ಬಾಲ,
ಒಂದೊಂದರ ತುದಿಗೂ ಗ್ಯಾಸ್ ಒಲೆಯ ನೀಲಿ.
ಬೇರೆ ಹೆಸರಿಡಲು ಯಾವ ಮಗುವಿಗೆ ಮನಸ್ಸಾದೀತು?

ಬಂಡೆ ಬೆನ್ನಿನ ಆಮೆ ಇದೆ, ಗುಡುಗು ನುಂಗುವ ಕಪ್ಪೆ ಇದೆ,
ಬಲದಲ್ಲಿ ಅವೇ ಮೇಲು.
ಎದುರಿನ ಬಾಚಣಿಗೆ ಅಂಗಡಿ ಮುನೀರನ ಮಗ ಹೇಳುತ್ತಾನೆ,
ಅಂಕಲ್, ನರಿ ಇಟ್ಕೊಂಡು ಗೆಲ್ಲಕ್ಕಾಗಲ್ಲ,
ಎಲ್ಲ ಅಳಿಸಿ ಮೊದಲಿಂದ ಶುರುಮಾಡಿ.
ಅಳಿಸಿದರೆ ಇಫ್ರಾ ಎಂಬ ಹೆಸರೂ ಹೋಗುತ್ತದಂತೆ.
ಗೆಲ್ಲಲಿಕ್ಕೆ ಯಾರಪ್ಪ ಹೊರಟಿದ್ದು?

ಕೂರುವ ಮೊದಲು ಮೂರು ಸುತ್ತು ಸುತ್ತುತ್ತಾಳೆ,
ಸೀರೆಯ ನೆರಿಗೆ ಸರಿಮಾಡಿಕೊಂಡಂತೆ ಬಾಲಗಳನ್ನು ಎಳೆದುಕೊಂಡು.
ಒಂದು ಯಾವಾಗಲೂ ಕೆಳಗೆ ಸಿಕ್ಕಿಕೊಳ್ಳುತ್ತದೆ.
ಎದ್ದು, ಮತ್ತೆ ಸುತ್ತಿ, ಮತ್ತೆ ಕೂರುತ್ತಾಳೆ.
ಆಟಕ್ಕೆ ಅದರಿಂದ ಮೂರು ಕಾಸಿನ ಲಾಭವಿಲ್ಲ.
ಜಪಾನಿನಲ್ಲಿ ಯಾರೋ ರಾತ್ರಿ ನಿದ್ದೆಗೆಟ್ಟು
ಆ ಸಿಕ್ಕಿಕೊಳ್ಳುವುದನ್ನು ಮಾಡಿದ್ದಾರೆ.
ಅವರ ಕೈಗೊಂದು ನಮಸ್ಕಾರ.
ಒಳಹೊಲಿಗೆ ಯಾರು ನೋಡುತ್ತಾರೆ,
ಹೊಲಿದವನೇ ನೋಡಬೇಕು.

ಒಮ್ಮೊಮ್ಮೆ ಹೆಣ್ಣಾಗಿ ಕೊಡೆ ಹಿಡಿದು ಸೇತುವೆ ದಾಟುತ್ತಾಳೆ;
ನೆರಳು ಮಾತ್ರ ನರಿಯದೇ.
ಕರಿದ ತೋಫು ಕಂಡರೆ ವೇಷ ಮರೆತು
ಬಾಲ ಆಡಿಸಿಬಿಡುತ್ತಾಳೆ.
ಪಾಪ, ಚಿಕ್ಕಪೇಟೆಯ ಬೋಂಡಾ ತಿಂದಿಲ್ಲ.

ನಮ್ಮಲ್ಲಿ ನರಿಬುದ್ಧಿ ಎಂದರೆ ಬೈಗುಳ.
ಆದರೂ ನಾಲ್ಕು ಕಾಸು ಹೆಚ್ಚು ತಂದ ದಿನ ಅವ್ವ
ಯಾವ ನರಿಯ ಮುಖ ನೋಡಿ ಎದ್ದೆಯೋ ಎನ್ನುತ್ತಿದ್ದಳು.
ಈಗ ದಿನಾ ನೋಡಿಯೇ ಏಳುತ್ತೇನೆ.
ವ್ಯಾಪಾರ ಹಾಗೇ ಇದೆ.

ಒಂದು ಸಲ ಆಟದೊಳಗೆ ಬಿಸಿಲಿದ್ದಂತೆಯೇ ಮಳೆ ಬಿತ್ತು.
ಜಿಲೇಬಿ ನಡೆಯಲೊಲ್ಲಳು,
ಗುಂಡಿ ಒತ್ತಿದರೂ ಕದಲಲಿಲ್ಲ, ತಲೆ ಬಾಗಿಸಿ ನಿಂತಳು.
ಗದ್ದೆಯಾಚೆ ನೀಲಿ ದೀಪದ ಸಾಲು.
ಕೆಳಗೆ ಅಕ್ಷರ ಮೂಡಿತು, ಕೂಡಿಸಿದೆ:
ನರಿಗಳ ಮದುವೆ ನಡೆಯುತ್ತಿದೆ, ದಾರಿ ಬಿಡಿ.

ಕೈಯಲ್ಲಿದ್ದ ರನ್ನರ್ ಜಾರಿ ಬಿತ್ತು.
ಇದು ನಮ್ಮವ್ವನ ಮಾತು!
ಬಿಸಿಲು ಮಳೆ ಕೂಡಿ ಬಂದರೆ ಕಾಗೆಗೂ ನರಿಗೂ ಮದುವೆ
ಎಂದು ಕಾಟನ್‌ಪೇಟೆಯ ವಠಾರದಲ್ಲಿ
ಬಟ್ಟೆ ಎಳೆದುಕೊಳ್ಳುತ್ತ ಕೂಗುತ್ತಿದ್ದಳು.
ಸಮುದ್ರದಾಚೆಯ ಅವ್ವಂದಿರಿಗೆ ಯಾರು ಹೇಳಿದರು?
ಆದರೆ ಅಲ್ಲಿ ನರಿಗೆ ನರಿಯೇ ಗಂಡು.
ದಿಬ್ಬಣದ ತಲೆ ಎಣಿಸಿದೆ, ಎರಡು ಸಲ.
ಕಾಗೆ ಇಲ್ಲ.

ಮೊನ್ನೆ ಮೂರು ಗಂಟೆಗೆ ಇಲ್ಲೂ ಬಿತ್ತು,
ಬಿಸಿಲಲ್ಲೇ ದಪ್ಪ ಹನಿ.
ಪುಸ್ತಕದವರು ಟಾರ್ಪಾಲು ಹುಡುಕುತ್ತ ಓಡಿದರು.
ಕೇಬಲ್ ತಂತಿಯ ಮೇಲೆ ಒಂದು ಕಾಗೆ,
ತೊಯ್ದು ಅರ್ಧವಾಗಿತ್ತು.
ನೂರಾ ಹದಿನೇಳು ಮೊಳೆಯಲ್ಲಿ ತೂಗುತ್ತಿದೆ,
ಜಿಪ್ಪು ಈಗ ಬೆಣ್ಣೆಯಂತೆ ಓಡುತ್ತದೆ.
ಪೆಟ್ಟಿಗೆ ಎತ್ತಿ ತಂತಿಯ ಕಡೆ ಹಿಡಿದೆ:
ನೋಡಪ್ಪ, ಇವಳೇ.

ಕಾಗೆ ಒಂದು ಕಣ್ಣಲ್ಲಿ ನೋಡಿತು,
ತಲೆ ತಿರುಗಿಸಿ ಇನ್ನೊಂದರಲ್ಲಿ.
ಜಿಲೇಬಿ ಮೂರು ಸುತ್ತು ಸುತ್ತಿ ಕೂತಳು,
ಬಾಲ ಸಿಕ್ಕಿಕೊಂಡಿತು,
ಎದ್ದಳು.